ಲಾಟರಿ ಹಣ, ಉಳಿತಾಯದ ಹಣ ಮತ್ತು ಸರ್ಕಾರದ ಸಹಾಯಧನ



ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟ 2007ರಲ್ಲೇ ನಿಂತುಹೋಯಿತು. ಆದರೂ ಗುಂಡ್ಲುಪೇಟೆ, ಕೊಡಗಿನ ಕಡೆಯವರು ತರಕಾರಿ ಲಾರಿಯ ಜೊತೆಗೋ ಕೂಲಿಗೋ ವಯನಾಡಿಗೆ ಹೋದಾಗ ಒಂದು ಟಿಕೆಟ್ಟು ಕೊಂಡು ಜೇಬಿಗೆ ಹಾಕಿಕೊಂಡು ಬರುವುದುಂಟು. ಕೇರಳದಲ್ಲಿ ಲಾಟರಿಯನ್ನು ಸರ್ಕಾರವೇ ನಡೆಸುತ್ತದೆ. ಟಿಕೆಟ್ಟು ಕೊಳ್ಳಬೇಕೆ, ಬೇಡವೆ ಎಂಬುದು ಇವತ್ತಿನ ಮಾತಲ್ಲ. ಬಹುಮಾನ ಬಂದರೆ ಪಿ.ಎಂ. ಕಿಸಾನ್, ಗೃಹಲಕ್ಷ್ಮಿ, ರೇಷನ್ ಕಾರ್ಡು ಇವುಗಳ ಗತಿಯೇನು? ಬ್ಯಾಂಕಿನಲ್ಲಿಟ್ಟ ಉಳಿತಾಯಕ್ಕೂ ಇದೇ ಗತಿಯೆ? ಇಷ್ಟನ್ನು ನೋಡೋಣ.

ರಾಗಿ, ಭತ್ತ, ಅರಿಶಿನ ಬೆಳೆದು ಮಾರಿದ ಹಣಕ್ಕೆ ಆದಾಯ ತೆರಿಗೆ ಇಲ್ಲ. ಬೇರೆ ಸಂಪಾದನೆಗೂ ಒಂದು ಮಿತಿಯವರೆಗೆ ತೆರಿಗೆ ಬೀಳುವುದಿಲ್ಲ. ಲಾಟರಿ, ಕುದುರೆ ಜೂಜು, ಇಸ್ಪೀಟಿನ ಗೆಲುವಿಗೆ ಮಾತ್ರ ಆ ಮಿತಿಯೇ ಸಲ್ಲದು. ಮೊದಲನೇ ರೂಪಾಯಿಯಿಂದಲೇ ನೂರಕ್ಕೆ 30 ತೆರಿಗೆ, ಆ ತೆರಿಗೆಯ ಮೇಲೆ ನೂರಕ್ಕೆ 4 ಸೆಸ್. ವರ್ಷವಿಡೀ ಕೊಂಡ ಟಿಕೆಟ್ಟಿನ ಖರ್ಚನ್ನು ಕಳೆಯುವಂತಿಲ್ಲ. ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರೇ ತೆರಿಗೆ ಮುರಿದುಕೊಂಡು, ನಿಮ್ಮ ಪ್ಯಾನ್ ಸಂಖ್ಯೆಗೆ ಅದನ್ನು ಜಮಾ ಮಾಡುತ್ತಾರೆ. ಅಲ್ಲಿಗೆ ನೀವು ಆದಾಯ ತೆರಿಗೆ ಕಟ್ಟಿದವರಾದಿರಿ!

ತೊಡಕಿರುವುದು ಇಲ್ಲೇ. ಪಿ.ಎಂ. ಕಿಸಾನ್ ಯೋಜನೆ 2019ರಲ್ಲಿ ಬಂದಾಗಲೇ, ಹಿಂದಿನ ಕರ ನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು ಹೊರಗಿಟ್ಟಿತು. 2023ರ ಗೃಹಲಕ್ಷ್ಮಿಯಲ್ಲಿ ಯಜಮಾನಿಯಾಗಲಿ ಆಕೆಯ ಗಂಡನಾಗಲಿ ತೆರಿಗೆದಾರರಾಗಿದ್ದರೆ ತಿಂಗಳ 2,000 ರೂಪಾಯಿ ಇಲ್ಲ. ಬಿ.ಪಿ.ಎಲ್. ಕಾರ್ಡಿಗೂ ತೆರಿಗೆದಾರರು ಅನರ್ಹರು. ವರ್ಷದ ಆದಾಯ 1.2 ಲಕ್ಷ ಮೀರಿದವರೂ ಅನರ್ಹರು.

ಲೆಕ್ಕ ಹಾಕಿ ನೋಡಿ. ಯಜಮಾನನಿಗೆ 12,000 ರೂಪಾಯಿ ಬಹುಮಾನ ಬಂತು ಅನ್ನೋಣ. ತೆರಿಗೆ 3,600, ಸೆಸ್ 144. ಏಜೆಂಟರ ಕಮಿಷನ್ ಬಿಟ್ಟರೂ ಕೈಗೆ ಬರುವುದು 8,256. ಅತ್ತ ಪಿ.ಎಂ. ಕಿಸಾನ್ ವರ್ಷಕ್ಕೆ 6,000, ಗೃಹಲಕ್ಷ್ಮಿ 24,000, ಒಟ್ಟು 30,000 ರೂಪಾಯಿಗೆ ಸಂಚಕಾರ. ಟಿಕೆಟ್ಟು ಕೊಂಡವನು ಗಂಡ, ತಿಂಗಳ ಹಣ ತಪ್ಪುವುದು ಹೆಂಡತಿಗೆ. ಪಾಪ, ಆಕೆಗೆ ಟಿಕೆಟ್ಟಿನ ಸುದ್ದಿಯೇ ಗೊತ್ತಿರಲಿಕ್ಕಿಲ್ಲ! ಕೋಟಿ ಗೆದ್ದವನಿಗೂ ಹನ್ನೆರಡು ಸಾವಿರ ಗೆದ್ದವನಿಗೂ ಒಂದೇ ಅಳತೆಗೋಲು ಹಿಡಿಯುವ ಈ ನಿಯಮ ಬಡವರ ಪಾಲಿಗೆ ಬಿರುಸಾಯಿತೆಂದೇ ನನ್ನ ಅನಿಸಿಕೆ. ಆದರೆ ನಿಯಮ ಇರುವುದು ಹಾಗೆ.

ಭಾವಮೈದುನನ ಹೆಸರಿನಲ್ಲಿ ಬಹುಮಾನ ತೆಗೆದರಾಯಿತು ಅನ್ನುವವರುಂಟು. ತೆರಿಗೆ ಅವನ ಹೆಸರಿಗೆ ಹೋಗುತ್ತದೆ, ನಿಜ. ಹಣವೂ ಅವನ ಖಾತೆಗೇ ಹೋಗುತ್ತದೆ!

ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯಂಥ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾನೂನೇ ನಿಷೇಧಿಸಿದೆ. ಅದರ ಗೋಜಿಗೆ ಹೋಗುವುದು ಬೇಡ.

ಇನ್ನು ಉಳಿತಾಯದ ಮಾತು. ಪಿ.ಎಂ. ಕಿಸಾನ್‌ಗಾಗಲಿ ಗೃಹಲಕ್ಷ್ಮಿಗಾಗಲಿ ನಿಮ್ಮ ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಅಂತ ಕೇಳುವುದಿಲ್ಲ. ಬೆಳೆ ಮಾರಿದ ಹಣವನ್ನು ಠೇವಣಿ ಇಟ್ಟರೆ ಅದರ ಬಡ್ಡಿ ಮಾತ್ರ ಆದಾಯವಾಗುತ್ತದೆ. ಬಡ್ಡಿಯ ಮೇಲೆ ಬ್ಯಾಂಕು ತೆರಿಗೆ ಮುರಿದಿದ್ದರೂ, ನಿಮ್ಮ ಒಟ್ಟು ಆದಾಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಲಾಟರಿಯ ತೆರಿಗೆ ಹಾಗೆ ವಾಪಸು ಬರುವುದಿಲ್ಲ.

ವೃದ್ಧರ ಪಿಂಚಣಿಯಲ್ಲಿ ಮಾತ್ರ ಠೇವಣಿಯನ್ನೂ ನೋಡುತ್ತಾರೆ. ಸಂಧ್ಯಾ ಸುರಕ್ಷಾ 2007ರಲ್ಲಿ ಆರಂಭವಾದಾಗ, ಗಂಡಹೆಂಡಿರಿಬ್ಬರ ಠೇವಣಿ ಸೇರಿ 10,000 ರೂಪಾಯಿ ಮೀರಬಾರದೆಂದು ಇತ್ತು. ನಮ್ಮಲ್ಲಿ ಅರಿಶಿನದ ಹಣವನ್ನೋ ಹಸು ಮಾರಿದ ಹಣವನ್ನೋ ಅವ್ವನ ಹೆಸರಿನಲ್ಲಿ ಇಡುವ ರೂಢಿ ಹೆಚ್ಚು. ಮಗನ ಹಣದಿಂದ ಅವ್ವನ ಪಿಂಚಣಿಗೆ ಅಡ್ಡಿಯಾಗಬಹುದು. ಅರ್ಜಿ ಹಾಕುವ ಮುಂಚೆ ನಾಡಕಚೇರಿಯಲ್ಲಿ ಈಗಿನ ಮಿತಿ ಎಷ್ಟೆಂದು ಕೇಳಿಕೊಳ್ಳಿ.

ಬಹುಮಾನ ಬಂದೇಬಿಟ್ಟಿದ್ದರೆ ತೆರಿಗೆ ಮುರಿದ ಪ್ರಮಾಣಪತ್ರವನ್ನು ಜೋಪಾನವಾಗಿಡಿ, ರಿಟರ್ನ್ ಸಲ್ಲಿಸಿ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಷಯ ತಿಳಿಸಿ. ಸುಮ್ಮನಿದ್ದು ಕಂತು ತೆಗೆದುಕೊಳ್ಳುತ್ತಾ ಹೋದರೆ ಅನರ್ಹರೆಂದು ಗೊತ್ತಾದ ದಿನ ಅದನ್ನೆಲ್ಲ ವಸೂಲು ಮಾಡುತ್ತಾರೆ. ಪಿ.ಎಂ. ಕಿಸಾನ್ ನಿಯಮ ಹೇಳುವುದು ಹಿಂದಿನ ಕರ ನಿರ್ಧಾರಣಾ ವರ್ಷದ ಮಾತನ್ನು ಮಾತ್ರ. ಆಮೇಲಿನ ವರ್ಷ ತೆರಿಗೆ ಬೀಳದಿದ್ದರೆ, ಆ ದಾಖಲೆ ತೆಗೆದುಕೊಂಡು ಮತ್ತೆ ಕೇಂದ್ರಕ್ಕೆ ಹೋಗಿ ವಿಚಾರಿಸಿ.