ಒಂದು ಸ್ಟೇಟ್ ಬ್ಯಾಂಕ್ ಕೊಡಿ!

ಲಂಡನ್ನಿನಲ್ಲಿ ‘ಏಂಜೆಲ್’ ಎಂಬ ರೈಲು ನಿಲ್ದಾಣವಿದೆ. ಆ ಹೆಸರಿನ ಹಿಂದೆ ನಿಜವಾದ ದೇವದೂತನೇ ಇದ್ದರೆ? ‘ಅರ್ಲ್ಸ್ ಕೋರ್ಟ್’ ನಿಲ್ದಾಣದಲ್ಲಿ ಅರ್ಲ್ ಪದವಿಯ ಮುದುಕನೊಬ್ಬ ರೈಲಿನೊಳಗೇ ದರ್ಬಾರು ನಡೆಸುತ್ತಿದ್ದರೆ? 1996ರಲ್ಲಿ ಬಂದ ನೀಲ್ ಗೇಮನ್ ಅವರ ‘ನೆವರ್‌ವೇರ್’ ಕಾದಂಬರಿಯಲ್ಲಿ ನೆಲದಡಿಯ ಲಂಡನ್ ಹೀಗೇ ಇದೆ.

ಮೊಮ್ಮಗಳು ಈ ಕಥೆ ಹೇಳಿದಾಗ ನಾನು ಸುಮ್ಮನಿರುವ ಅಜ್ಜನೇ? ನಮ್ಮ ಮಂಗಳೂರೇನು ಕಡಿಮೆ ಎಂದು ಅಣಕು ಕಥೆ ಶುರು ಮಾಡಿದೆ. ನನ್ನ ಕಥಾನಾಯಕ ಸಿಟಿ ಬಸ್ಸು ಹತ್ತಿ, ‘ಒಂದು ಸ್ಟೇಟ್ ಬ್ಯಾಂಕ್ ಕೊಡಿ’ ಎನ್ನುತ್ತಾನೆ. ಕಂಡಕ್ಟರ್ ಇಡೀ ಬ್ಯಾಂಕನ್ನೇ ಮಡಚಿ ಕೈಗಿಟ್ಟು, ‘ಚಿಲ್ಲರೆ ಇಲ್ಲ’ ಎಂದು ಗೊಣಗುತ್ತಾನೆ. ಜ್ಯೋತಿಯಲ್ಲಿ ಇಳಿದವರ ನೆತ್ತಿಯ ಮೇಲೆ ದೀಪ ಉರಿಯುತ್ತದೆ. ಪಂಪ್‌ವೆಲ್‌ನಲ್ಲಿ ಇಳಿದವರು ಒಂದು ಕೊಡ ನೀರು ಸೇದದೆ ಮುಂದೆ ಹೋಗುವಂತಿಲ್ಲ!

‘ಬಾವುಟಗುಡ್ಡೆಯಲ್ಲಿ ಏನು ಮಾಯೆ, ಅಜ್ಜ?’

ಅಲ್ಲಿ ನಾನು ಏನನ್ನೂ ಕಟ್ಟಬೇಕಾಗಿರಲಿಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ರೈತರ ದಂಡು ಕಂಪೆನಿ ಸರಕಾರದ ಬಾವುಟ ಇಳಿಸಿ, ತಮ್ಮದನ್ನು ಏರಿಸಿದ ಗುಡ್ಡ ಅದು. 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಹಲವರು ಗಲ್ಲಿಗೇರಿದರು.

ಅವಳು ನಗು ನಿಲ್ಲಿಸಿದಳು. ‘ಇದೊಂದನ್ನು ಬದಲಿಸಬೇಡಿ ಅಜ್ಜ’ ಎಂದಳು.

ಮಕ್ಕಳೇ, ನಿಮ್ಮ ಬಸ್‌ಸ್ಟಾಪಿನ ಹೆಸರಿಗೂ ಒಂದು ಅಣಕು ಕಥೆ ಹೆಣೆಯಿರಿ. ಅದರ ನಿಜಕಥೆಯನ್ನು ಮನೆಯ ಹಿರಿಯರಿಂದ ಇವತ್ತೇ ಕೇಳಿಟ್ಟುಕೊಳ್ಳಿ.