ಅಳಿಸಿಹೋದ 17ನೇ ತಿರುವು

ಸಿಂಗಪುರದ ಮರೀನಾ ಬೇ ಸರ್ಕ್ಯೂಟ್‌ನಲ್ಲಿ 2022ರವರೆಗೆ 23 ತಿರುವುಗಳಿದ್ದವು. ಈಗ ಇರುವುದು 19. ನೀರಿನ ಮೇಲೊಂದು ತೇಲುವ ವೇದಿಕೆ ಇತ್ತಲ್ಲ, ಅದನ್ನು ತೆಗೆದು ಎನ್‌ಎಸ್ ಸ್ಕ್ವೇರ್ ಕಟ್ಟಲು ಹೊರಟಾಗ ಅದರ ಪಕ್ಕದಲ್ಲಿ ಸುತ್ತಿ ಬರುತ್ತಿದ್ದ ನಾಲ್ಕು ತಿರುವುಗಳಿಗೆ ಜಾಗವಿಲ್ಲವಾಯಿತು. ಅವುಗಳ ಬದಲಿಗೆ ಸುಮಾರು 400 ಮೀಟರ್ ಉದ್ದದ ನೇರ ದಾರಿ ಬಂತು. ಓವರ್‌ಟೇಕ್‌ಗೆ ಅನುಕೂಲ, ಟೈರಿಗೂ ಹಿತ ಎಂದು ಎಲ್ಲರೂ ಮೆಚ್ಚಿಕೊಂಡರು. ನನಗೆ ಖುಷಿಯಾಗಲಿಲ್ಲ. ಹೋದ ನಾಲ್ಕರಲ್ಲಿ ಒಂದು ಹಳೆಯ 17ನೇ ತಿರುವು. ಫಾರ್ಮುಲಾ ಒನ್‌ನಲ್ಲಿ ನಾನು ಕಂಡ ಅತಿ ದೊಡ್ಡ ಮೋಸ ನಡೆದದ್ದು ಅಲ್ಲಿ. 2008ರ ಸೆಪ್ಟೆಂಬರ್ 28ರ ರಾತ್ರಿ ರೆನೋ ತಂಡದ ನೆಲ್ಸನ್ ಪಿಕೆ ಜೂನಿಯರ್ ತನ್ನ ಕಾರನ್ನು ಬೇಕೆಂದೇ ಗೋಡೆಗೆ ಗುದ್ದಿದ ಜಾಗ.

ಈಚೆಗೆ ಅಕ್ಕನ ಮನೆಗೆಂದು ಸಿಂಗಪುರಕ್ಕೆ ಹೋದಾಗ ಮಿಕ್ಕ ಪ್ರೇಕ್ಷಣೀಯ ಸ್ಥಳಗಳನ್ನೆಲ್ಲ ಬದಿಗಿಟ್ಟು ಆ ಜಾಗ ಹುಡುಕಿಕೊಂಡು ಹೊರಟೆ. ಜೊತೆಗೆ ಅಕ್ಕನ ಮಗ. ಹ್ಯಾಮಿಲ್ಟನ್ ಎಂದರೆ ಜೀವ ಬಿಡುವ ಹುಡುಗ, 2008ರಲ್ಲಿ ಇನ್ನೂ ಅಂಗನವಾಡಿ ವಯಸ್ಸು. ಎಸ್‌ಪ್ಲನೇಡ್ ರಂಗಮಂದಿರ ದಾಟಿ ರ‍್ಯಾಫಲ್ಸ್ ಅವೆನ್ಯೂ ಹಿಡಿದೆವು. ರೇಸ್ ಇಲ್ಲದ ದಿನಗಳಲ್ಲಿ ಅದು ಬಸ್ಸು, ಟ್ಯಾಕ್ಸಿ ಓಡಾಡುವ ಮಾಮೂಲಿ ರಸ್ತೆ. ಫೋನಿನಲ್ಲಿ ಹಳೆಯ ನಕಾಶೆ ತೆರೆದುಕೊಂಡು, ಫ್ಲೈಯರ್ ಎಂಬ ಆ ಜಯಂಟ್ ವೀಲ್ ಯಾವ ಕೋನದಲ್ಲಿ ಕಾಣುತ್ತದೆ ಎಂದು ಹಳೆಯ ಫೋಟೊಗಳಿಗೆ ಹೊಂದಿಸಿ ನೋಡುತ್ತ ಹೋದೆ. 2008ರಲ್ಲಿ ಕಾರುಗಳು ಇಲ್ಲಿ ಬಲಕ್ಕೆ, ಕೂಡಲೇ ಎಡಕ್ಕೆ ತಿರುಗಿ, ಗ್ರ್ಯಾಂಡ್‌ಸ್ಟ್ಯಾಂಡಿನ ಅಡಿಯಲ್ಲಿ ನುಸುಳಿ ಹೋಗುತ್ತಿದ್ದವು. ಪಿಕೆ ಗುದ್ದಿದ್ದು ಆ ಎಡ ತಿರುವಿನಿಂದ ಹೊರಬರುವಾಗ. ಈಗ ಅಲ್ಲಿ ಕಾಮಗಾರಿಯ ತಗಡಿನ ಬೇಲಿ.

“ಇಲ್ಲಿ ಏನಿದೆ ಅಂತ ನೋಡ್ತೀರ ಮಾಮ?” ಎಂದ ಹುಡುಗ. ಸುತ್ತ ಕ್ರೇನ್ ನಿಲ್ಲುವಂಥ ಜಾಗ ಎಲ್ಲಿದೆ ಹುಡುಕು ನೋಡೋಣ ಎಂದೆ. ಕಟ್ಟಡ ಕಟ್ಟುವ ಕ್ರೇನುಗಳು ಈಗ ಎಷ್ಟೋ ಇವೆ, ನಿಜ. ಆದರೆ ಆ ರಾತ್ರಿ ಕೆಟ್ಟ ಕಾರನ್ನು ಎತ್ತಿ ಪಕ್ಕಕ್ಕಿಡುವ ಕ್ರೇನ್ ಈ ಮೂಲೆಗೆ ಹತ್ತಿರದಲ್ಲೆಲ್ಲೂ ಇರಲಿಲ್ಲ. ಸೇಫ್ಟಿ ಕಾರು ಬರಲೇಬೇಕಿತ್ತು. ರೆನೋದ ಎಂಜಿನಿಯರಿಂಗ್ ಮುಖ್ಯಸ್ಥ ಪ್ಯಾಟ್ ಸೈಮಂಡ್ಸ್ ನಕಾಶೆ ತೋರಿಸಿ, ಇದೇ ಮೂಲೆ ಎಂದು ಬೊಟ್ಟು ಮಾಡಿದ್ದರು ಎಂದು ಪಿಕೆ ಆಮೇಲೆ ತನಿಖೆಯಲ್ಲಿ ಹೇಳಿದ. 14ನೇ ಸುತ್ತಿನಲ್ಲಿ ಕಾರಿನ ಹಿಂಭಾಗ ಜಾರತೊಡಗಿದಾಗ ಯಾವ ಚಾಲಕನಾದರೂ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಪಿಕೆ ಒತ್ತಿದ. ಟೆಲಿಮೆಟ್ರಿಯಲ್ಲಿ ಅದು ಹಾಗೆಯೇ ಉಳಿದುಕೊಂಡಿತು. ಅವನ ಜೊತೆಗಾರ ಫೆರ್ನಾಂಡೊ ಅಲೊನ್ಸೊ 15ನೇ ಸ್ಥಾನದಿಂದ ಹೊರಟವನು, ಎರಡು ಸುತ್ತು ಮುಂಚೆಯೇ ಪಿಟ್‌ಗೆ ಬಂದು ಇಂಧನ ತುಂಬಿಸಿಕೊಂಡು ಹೋಗಿದ್ದ. ಮಿಕ್ಕವರು ಸೇಫ್ಟಿ ಕಾರಿನ ಹಿಂದೆ ಸಾಲುಗಟ್ಟಿ ಪಿಟ್ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದರೆ ಅಲೊನ್ಸೊ ಮುಂದೆ ಬಂದ. ರೇಸನ್ನೂ ಗೆದ್ದ.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನನ್ನ ಕುತೂಹಲ ಯಾವಾಗಲೂ ಪಿಟ್ ಬಾಗಿಲು ತೆರೆದ ನಂತರದ ಎರಡು ನಿಮಿಷಗಳದ್ದು, ಫೆರಾರಿಯ ಪಿಟ್‌ನದ್ದು. ನಾನು ಫೆರಾರಿ ಚಾಲಕ ಫೆಲಿಪೆ ಮಾಸಾ ಕಡೆಯವನು, ಈಗಲೂ.

ಅಲ್ಲಿಂದ ಫ್ಲೈಯರ್ ಬಳಸಿ ಪಿಟ್ ಕಟ್ಟಡದವರೆಗೆ ನಡೆದೆವು. ದೂರವೇನಲ್ಲ. ಬೇಲಿಯಾಚೆ ನಿಂತು ನೋಡಿದರೆ ಆ ಉದ್ದನೆಯ ಬಿಳಿ ಕಟ್ಟಡ, ಅದರ ಮುಂದೆ ಖಾಲಿ ಕಾಂಕ್ರೀಟು. ಪಿಟ್ ಲೇನ್ ಎಷ್ಟು ಉದ್ದ ಎಂಬುದು ಟಿವಿಯಲ್ಲಿ ಗೊತ್ತಾಗುವುದಿಲ್ಲ. ಆ ರಾತ್ರಿ ಪೋಲ್ ಪೊಸಿಷನ್‌ನಿಂದ ಹೊರಟು, ರೇಸನ್ನು ಮುನ್ನಡೆಸುತ್ತಿದ್ದ ಮಾಸಾ ಪಿಟ್‌ಗೆ ಬಂದ. ಹಿಂದೆಯೇ ಅವನ ಜೊತೆಗಾರ ಕಿಮಿ ರೈಕೊನೆನ್ ತನ್ನ ಸರದಿಗೆ ಕಾಯುತ್ತ ನಿಂತ. ಬೇರೆ ತಂಡಗಳಲ್ಲಿ ಉದ್ದ ಕೋಲಿನ ಲಾಲಿಪಾಪ್ ಹಿಡಿದ ಒಬ್ಬ ಮೆಕ್ಯಾನಿಕ್ ಚಾಲಕನ ಮುಂದೆ ನಿಂತಿರುತ್ತಿದ್ದ, ಅದನ್ನು ಎತ್ತಿದರೆ ಹೊರಡಬೇಕು. ಫೆರಾರಿ ಮಾತ್ರ ಆ ವರ್ಷ ಟ್ರಾಫಿಕ್ ಸಿಗ್ನಲ್‌ನಂಥ ದೀಪ ತೂಗುಹಾಕಿತ್ತು. ಇಂಧನದ ಪೈಪ್ ಕಳಚಿದ ಕೂಡಲೇ ದೀಪ ತಾನಾಗಿಯೇ ಹಸಿರಾಗುವ ವ್ಯವಸ್ಥೆ. ಆದರೆ ಎಲ್ಲರೂ ಒಟ್ಟಿಗೆ ನುಗ್ಗಿ ಪಿಟ್ ಲೇನ್ ಕಿಕ್ಕಿರಿದಾಗ, ಪಕ್ಕದಿಂದ ಬರುವ ಕಾರನ್ನು ದೀಪ ನೋಡಲಾರದು. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಕೈಯಿಂದ ಗುಂಡಿ ಒತ್ತಬೇಕು. ಅವನು ಒತ್ತಿದ. ಪೈಪ್ ಇನ್ನೂ ಕಾರಿನಲ್ಲೇ ಇತ್ತು.

ಕಟ್ಟಿದ ಹಸು ಗೂಟ ಸಮೇತ ಕಿತ್ತುಕೊಂಡು ಓಡಿದ ಹಾಗೆ ಮಾಸಾನ ಕಾರು ಪೈಪ್ ಎಳೆದುಕೊಂಡು ಹೋಯಿತು. ಪಿಟ್ ಲೇನ್‌ನ ಕೊನೆಯಲ್ಲಿ ನಿಂತ. ಕೆಂಪು ಅಂಗಿಯ ಮೆಕ್ಯಾನಿಕ್‌ಗಳು ಹೆಲ್ಮೆಟ್ಟಿನಲ್ಲೇ ಅಷ್ಟೂ ದೂರ ಓಡಿದರು. ಪೈಪ್ ಬರಲೊಲ್ಲದು; ಜಗ್ಗಿ ಜಗ್ಗಿ ಕಿತ್ತರು. ಅಷ್ಟರಲ್ಲಿ ಅವನು ಕಟ್ಟಕಡೆಯವನಾಗಿದ್ದ. ಸಾಲದ್ದಕ್ಕೆ ದಂಡವೂ ಬಿತ್ತು. 13ನೇ ಸ್ಥಾನ, ಸೊನ್ನೆ ಅಂಕ. ಚಾಂಪಿಯನ್‌ಶಿಪ್‌ಗೆ ಅವನ ಎದುರಾಳಿಯಾಗಿದ್ದ ಹ್ಯಾಮಿಲ್ಟನ್ ಮೂರನೆಯವನಾಗಿ ಆರು ಅಂಕ ಪಡೆದ. ರೇಸ್‌ಗೆ ಮುಂಚೆ ಇಬ್ಬರ ನಡುವೆ ಇದ್ದ ಅಂತರ ಒಂದೇ ಅಂಕ, 78–77. ನಂತರ 84–77.

ಈ ದೀಪದ ಬಗ್ಗೆ ಎಷ್ಟು ಓದಿದರೂ ನನಗೆ ತೃಪ್ತಿಯಿಲ್ಲ. ಯಾಕೆಂದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಒಂದು ತಿಂಗಳ ಹಿಂದೆ, ಆಗಸ್ಟ್ 24ರಂದು ವೆಲೆನ್ಸಿಯಾದಲ್ಲಿ ರೈಕೊನೆನ್ ಪೈಪ್ ಕಳಚುವ ಮುಂಚೆಯೇ ಹೊರಟು ಒಬ್ಬ ಮೆಕ್ಯಾನಿಕ್‌ಗೆ ಗಾಯವಾಗಿತ್ತು. ಅದೇ ರೇಸ್‌ನಲ್ಲಿ ಮಾಸಾನನ್ನು ಆಡ್ರಿಯನ್ ಸುಟಿಲ್‌ನ ಫೋರ್ಸ್ ಇಂಡಿಯಾ ಕಾರಿನ ಮಗ್ಗುಲಿಗೇ ಬಿಟ್ಟು, ತಂಡ 10,000 ಯೂರೊ ದಂಡ ಕಟ್ಟಿತ್ತು. ಮಾಸಾ ಗೆದ್ದಿದ್ದರಿಂದ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸೆಕೆಂಡಿನ ಹತ್ತನೇ ಒಂದು ಪಾಲು ಉಳಿಸಲು ತಂದ ಯಂತ್ರ, ಗಲಾಟೆಯ ಹೊತ್ತಿನಲ್ಲಿ ಮನುಷ್ಯನ ಕೈಗೇ ಹಿಂತಿರುಗುವುದಾದರೆ ಅದನ್ನು ನಂಬಿ ಚಾಂಪಿಯನ್‌ಶಿಪ್ ಪಣಕ್ಕಿಡುವುದೇ? ಸಿಂಗಪುರದ ನಂತರ ಫೆರಾರಿ ಹಳೆಯ ಲಾಲಿಪಾಪ್‌ಗೆ ಮರಳಿತು. ರೇಸ್ ಮಧ್ಯೆ ಇಂಧನ ತುಂಬುವುದೇ 2010ರಿಂದ ನಿಂತುಹೋಯಿತು. ಒಳ್ಳೆಯದೇ ಆಯಿತು.

“ಅಲ್ಲ ಮಾಮ, ಪಿಕೆ ಗುದ್ದಿದ್ದಕ್ಕೂ ಇವರು ಪೈಪ್ ಕಿತ್ಕೊಂಡು ಹೋಗಿದ್ದಕ್ಕೂ ಏನು ಸಂಬಂಧ? ಅದು ಫೆರಾರಿ ತಪ್ಪಲ್ವಾ?” ಎಂದ ಹುಡುಗ. ಹ್ಯಾಮಿಲ್ಟನ್ ಅಭಿಮಾನಿಗಳೆಲ್ಲರೂ ಕೇಳುವ ಪ್ರಶ್ನೆ. ಕೇಳತಕ್ಕ ಪ್ರಶ್ನೆಯೇ. ಗುಂಡಿ ಒತ್ತಿದ ಬೆರಳು ಫೆರಾರಿಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆರಳಿಗೆ ಕೆಲಸ ಬಂದದ್ದೇ ಪಿಟ್ ಲೇನ್ ಕಿಕ್ಕಿರಿದದ್ದರಿಂದ, ಕಿಕ್ಕಿರಿದದ್ದು ಸೇಫ್ಟಿ ಕಾರಿನಿಂದ, ಸೇಫ್ಟಿ ಕಾರು ಬಂದದ್ದು ನಾವು ಆಗಷ್ಟೇ ನೋಡಿ ಬಂದ ಮೂಲೆಯಿಂದ. ಮಾಸಾ ಬೇರೆ ದಿನ ಬೇರೆ ಸುತ್ತಿನಲ್ಲಿ ಒಬ್ಬನೇ ಪಿಟ್‌ಗೆ ಬಂದಿದ್ದರೆ ದೀಪ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಹುಡುಗ ಒಪ್ಪಲಿಲ್ಲ. ಊಟಕ್ಕೆ ಕೂತಾಗಲೂ ವಾದ ಮುಂದುವರಿಯಿತು, ಅಕ್ಕ ಇಬ್ಬರನ್ನೂ ಬೈದಳು.

ಆ ವರ್ಷದ ಉಳಿದ ಕಥೆ ಹೇಳುವುದಾದರೆ, ಇಬ್ಬರೂ ಕಪ್ಪನ್ನು ಒಬ್ಬರಿಗೊಬ್ಬರು ಬಿಟ್ಟುಕೊಡಲು ಪೈಪೋಟಿಗೆ ಬಿದ್ದಂತಿತ್ತು. ಮಾಸಾ ಮಲೇಷ್ಯಾದಲ್ಲಿ ಜಾರಿ ಹೊರಬಿದ್ದ, ಸಿಲ್ವರ್‌ಸ್ಟೋನ್ ಮಳೆಯಲ್ಲಿ ಐದು ಸಲ ಗಿರ್ರನೆ ತಿರುಗಿದ. ಅದೇ ಮಳೆಯಲ್ಲಿ ಹ್ಯಾಮಿಲ್ಟನ್ ಒಂದು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದ. ನನ್ನ ಪಕ್ಷಪಾತ ಏನೇ ಇರಲಿ, ಆ ದಿನದ ಅವನ ಚಾಲನೆಗೆ ಕೈಮುಗಿಯಬೇಕು. ಅವನೇ ಕೆನಡಾದಲ್ಲಿ ಪಿಟ್ ಬಾಗಿಲಿನ ಕೆಂಪು ದೀಪಕ್ಕೆ ನಿಂತಿದ್ದ ರೈಕೊನೆನ್‌ಗೆ ಹಿಂದಿನಿಂದ ಗುದ್ದಿದ. ಸ್ಪಾದಲ್ಲಿ ಚಿಕೇನ್ ಕತ್ತರಿಸಿ ಲಾಭ ಪಡೆದನೆಂದು 25 ಸೆಕೆಂಡ್ ದಂಡ ಹಾಕಿ ಅವನ ಗೆಲುವನ್ನು ಮಾಸಾಗೆ ಕೊಟ್ಟರು. ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಸ್ಥಾನ ಹಿಂದಿರುಗಿಸಿದ ಮೇಲೂ ಅಷ್ಟು ದಂಡ ಅತಿಯಾಯಿತು. ಹಂಗೇರಿಯಲ್ಲಿ ಮಾತ್ರ ಮಾಸಾನದು ಒಂದು ಚೂರೂ ತಪ್ಪಿರಲಿಲ್ಲ. ಇನ್ನು ಮೂರೇ ಸುತ್ತು ಬಾಕಿ, ಮುಂದಿದ್ದ, ಎಂಜಿನ್ ಸಿಡಿಯಿತು. ಹತ್ತು ಅಂಕ ಹೊಗೆಯಾಯಿತು.

ಬೆಂಗಳೂರಿನವರಿಗೆ ಆ ವರ್ಷದ ಇನ್ನೊಂದು ನೋವು ನೆನಪಿರಬೇಕು. ವಿಜಯ್ ಮಲ್ಯ ಕೊಂಡ ತಂಡ ಫೋರ್ಸ್ ಇಂಡಿಯಾ ಎಂಬ ಹೆಸರಿನಲ್ಲಿ ಓಡಿದ ಮೊದಲ ವರ್ಷ ಅದು. ಮೊನಾಕೊದ ಒದ್ದೆ ರಸ್ತೆಯಲ್ಲಿ ಸುಟಿಲ್ ಹಿಂದಿನ ಸಾಲುಗಳಿಂದ ನಾಲ್ಕನೇ ಸ್ಥಾನಕ್ಕೆ ಬಂದಿದ್ದ. ಕೆಲವೇ ಸುತ್ತು ಉಳಿದಿದ್ದಾಗ ಸುರಂಗದಿಂದ ಹೊರಬರುತ್ತ ರೈಕೊನೆನ್ ಹತೋಟಿ ತಪ್ಪಿ ಅವನ ಹಿಂಭಾಗಕ್ಕೆ ಅಪ್ಪಳಿಸಿದ. ಐದು ಅಂಕ ಕೈಗೆ ಬಂದಿದ್ದವು. ಗ್ಯಾರೇಜಿನಲ್ಲಿ ಸುಟಿಲ್ ಅತ್ತ. ತಂಡ ಇಡೀ ವರ್ಷ ಒಂದು ಅಂಕವನ್ನೂ ಕಾಣಲಿಲ್ಲ. ಮಲ್ಯರ ಮುಂದಿನ ಕಥೆ ಬೇರೆಯೇ, ಆದರೆ ಆ ಮಧ್ಯಾಹ್ನ ಅಷ್ಟು ಹೊತ್ತು ನಮ್ಮ ದೇಶದ ಹೆಸರು ಮೊನಾಕೊದಲ್ಲಿ ನಾಲ್ಕನೆಯದಾಗಿತ್ತು.

ಇನ್ನು ಬ್ರೆಜಿಲ್. ನವೆಂಬರ್ 2, ನಮಗೆ ರಾತ್ರಿ, ರೇಸ್ ಮುಗಿಯುವಾಗ ಹನ್ನೆರಡು ದಾಟಿತ್ತು. ಮಾಸಾ ತನ್ನ ಹುಟ್ಟೂರು ಸಾವೊ ಪೌಲೊದಲ್ಲಿ ಪೋಲ್‌ನಿಂದ ಹೊರಟು ಒಂದೂ ತಪ್ಪಿಲ್ಲದೆ ಗೆದ್ದ. ಹ್ಯಾಮಿಲ್ಟನ್ ಐದನೆಯವನಾಗಿ ಬಂದರೆ ಕಪ್ ಅವನದು, ಆರನೆಯವನಾದರೆ ಮಾಸಾನದು. ಕೊನೆಗೆ ಮಳೆ ಹನಿಯಿತು. ಎಲ್ಲರೂ ಮಳೆ ಟೈರಿಗೆ ಓಡಿದರು. ಟೊಯೊಟಾದ ಟಿಮೊ ಗ್ಲಾಕ್ ಮತ್ತು ಯಾರ್ನೊ ಟ್ರುಲ್ಲಿ ಒಣ ಟೈರಿನಲ್ಲೇ ಉಳಿದರು. ವೆಟೆಲ್ ಹ್ಯಾಮಿಲ್ಟನ್‌ನನ್ನು ದಾಟಿದ, ಹ್ಯಾಮಿಲ್ಟನ್ ಆರನೆಯವನಾದ. ಮಾಸಾ ಗೆರೆ ದಾಟಿದಾಗ ಅವನ ಮನೆಯವರು ಗ್ಯಾರೇಜಿನಲ್ಲಿ ಕುಣಿದರು. ಅವನ ಹಿಂದೆ 38.9 ಸೆಕೆಂಡಿಗೆ ಹ್ಯಾಮಿಲ್ಟನ್ ಗೆರೆ ದಾಟಿದ, ಐದನೆಯವನಾಗಿ. ಕೊನೆಯ ಸುತ್ತಿನ ಕೊನೆಯ ನಿಜವಾದ ತಿರುವಾದ ಜುನ್ಸಾವ್‌ನಲ್ಲಿ, ನೀರಿನ ಮೇಲೆ ತೆವಳುತ್ತಿದ್ದ ಗ್ಲಾಕ್‌ನನ್ನು ದಾಟಿದ್ದ. 98–97.

ಗ್ಲಾಕ್ ಬೇಕೆಂದೇ ದಾರಿ ಬಿಟ್ಟ ಎಂದು ಇನ್ನೂ ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು, ಒಬ್ಬ ಪ್ರಾಮಾಣಿಕ ಚಾಲಕನಿಗೆ ಮಾಡುವ ಅನ್ಯಾಯ. ಅವನ ಕೊನೆಯ ಸುತ್ತಿಗೆ ಒಂದು ನಿಮಿಷ 44 ಸೆಕೆಂಡ್ ಹಿಡಿಯಿತು. ಅದೇ ಒಣ ಟೈರಿನಲ್ಲಿದ್ದ, ಚಾಂಪಿಯನ್‌ಶಿಪ್‌ಗೆ ಏನೇನೂ ಸಂಬಂಧವಿಲ್ಲದ ಟ್ರುಲ್ಲಿಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಮಳೆಯಲ್ಲಿ ಆ ಟೈರು ಅದಕ್ಕಿಂತ ಬೇಗ ಓಡದು. ಒಣ ಟೈರಿನ ಜೂಜಾಡಿರದಿದ್ದರೆ ಗ್ಲಾಕ್ ಹ್ಯಾಮಿಲ್ಟನ್‌ನ ಮುಂದೆ ಬರುತ್ತಲೇ ಇರಲಿಲ್ಲ ಎಂಬುದನ್ನೂ ಜನ ಮರೆಯುತ್ತಾರೆ. ಪೋಡಿಯಂ ಮೇಲೆ ಎದೆ ತಟ್ಟಿಕೊಂಡು ಅತ್ತ ಮಾಸಾ ಯಾರನ್ನೂ ದೂರಲಿಲ್ಲ. ನಾನು ಅವನ ಅಭಿಮಾನಿಯಾಗಿ ಉಳಿದದ್ದು ಆ ದಿನದಿಂದ.

ಮುಂದಿನ ವರ್ಷ ರೆನೋ ಕೈಬಿಟ್ಟ ಮೇಲೆ ಪಿಕೆ ಬಾಯಿಬಿಟ್ಟ. ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಟೋರೆಗೂ ಸೈಮಂಡ್ಸ್‌ಗೂ 2009ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಿತ್ತು. 2010ರ ಜನವರಿಯಲ್ಲಿ ಪ್ಯಾರಿಸ್ ಕೋರ್ಟು ಅದನ್ನು ರದ್ದು ಮಾಡಿತು. ಸೈಮಂಡ್ಸ್ ವಿಲಿಯಮ್ಸ್ ತಂಡದ ತಾಂತ್ರಿಕ ಮುಖ್ಯಸ್ಥರಾದರು. 2014ರಲ್ಲಿ ಆ ತಂಡ ಸೇರಿದ ಮಾಸಾ ಅವರ ಉಸ್ತುವಾರಿಯ ಕಾರನ್ನೇ ಓಡಿಸಿದ. ಬ್ರಿಯಟೋರೆ 2024ರಲ್ಲಿ ಆಲ್ಪೀನ್ ತಂಡದ ಸಲಹೆಗಾರರಾಗಿ ಪ್ಯಾಡಾಕ್‌ಗೆ ಮರಳಿದರು. ಅದನ್ನು ಕಂಡಾಗ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

2023ರಲ್ಲಿ, ಹಿಂದೆ ಫಾರ್ಮುಲಾ ಒನ್‌ನ ಮುಖ್ಯಸ್ಥರಾಗಿದ್ದ ಬರ್ನಿ ಎಕ್ಲ್‌ಸ್ಟೋನ್ ಸಂದರ್ಶನವೊಂದರಲ್ಲಿ, ತನಗೂ ರೇಸಿಂಗಿನ ಆಡಳಿತ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿಗೂ ಈ ವಿಷಯ 2008ರಲ್ಲೇ ಗೊತ್ತಿತ್ತೆಂದು ಹೇಳಿದ್ದಾಗಿ ವರದಿಯಾಯಿತು. ಆಮೇಲೆ ಅಂಥ ಮಾತು ಆಡಿದ ನೆನಪಿಲ್ಲ ಎಂದರು. ಅದನ್ನು ಹಿಡಿದು ಮಾಸಾ 2024ರಲ್ಲಿ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದ. 2025ರ ನವೆಂಬರ್‌ನಲ್ಲಿ ಅದರ ಒಂದು ಭಾಗ ವಿಚಾರಣೆಗೆ ಹೋಗಲಿ ಎಂದು ಕೋರ್ಟು ಹೇಳಿತು. ಸಿಂಗಪುರದ ಫಲಿತಾಂಶ ರದ್ದಾಗಿದ್ದರೆ ಲೆಕ್ಕ 97–92, ಮಾಸಾ ಚಾಂಪಿಯನ್. ಆದರೆ ಡಿಸೆಂಬರ್‌ನ ಪ್ರಶಸ್ತಿ ಸಮಾರಂಭ ಮುಗಿದ ಮೇಲೆ ಆ ವರ್ಷದ ಪಟ್ಟಿಗೆ ಕೈಹಾಕುವಂತಿಲ್ಲ ಎಂಬುದು ಎಫ್‌ಐಎ ನಿಯಮ.

ಕಪ್ ಹ್ಯಾಮಿಲ್ಟನ್ ಹತ್ತಿರವೇ ಇರಲಿ. ಅವನು ಯಾರಿಗೂ ಮೋಸ ಮಾಡಲಿಲ್ಲ, ಇಷ್ಟು ವರ್ಷಗಳ ನಂತರ ಅವನಿಂದ ಕಿತ್ತುಕೊಂಡ ಕಪ್ ಮಾಸಾನಿಗೂ ಶೋಭೆ ತರದು. ನನಗೆ ಬೇಕಿರುವುದು ವಿಚಾರಣೆ. ರೇಸ್ ಡೈರೆಕ್ಟರ್ ಚಾರ್ಲಿ ವೈಟಿಂಗ್‌ಗೆ 2008ರ ಬ್ರೆಜಿಲ್ ರೇಸ್‌ನ ಹೊತ್ತಿಗೇ ಪಿಕೆಯ ತಂದೆ ಹಿರಿಯ ಪಿಕೆ ಈ ಮೋಸದ ವಿಷಯ ಹೇಳಿದ್ದರು. ಪ್ರಶಸ್ತಿ ಸಮಾರಂಭಕ್ಕೆ ಆಗ ಇನ್ನೂ ಒಂದು ತಿಂಗಳಿಗೂ ಹೆಚ್ಚು ಸಮಯವಿತ್ತು. ವೈಟಿಂಗ್ 2019ರಲ್ಲಿ ತೀರಿಕೊಂಡರು, ಮೋಸ್ಲಿ 2021ರಲ್ಲಿ. ಎಕ್ಲ್‌ಸ್ಟೋನ್ ಹುಟ್ಟಿದ್ದು 1930ರಲ್ಲಿ. ಯಾರಿಗೆ ಯಾವ ದಿನ ಗೊತ್ತಾಯಿತು, ಗೊತ್ತಾದವರು ಆ ತಿಂಗಳು ಪೂರ್ತಿ ಏಕೆ ಸುಮ್ಮನಿದ್ದರು ಎಂಬುದನ್ನು ಪ್ರಮಾಣ ಮಾಡಿ ಹೇಳಬಲ್ಲವರು ಬದುಕಿರುವಾಗಲೇ ಕೋರ್ಟು ಅವರನ್ನು ಕಟಕಟೆಗೆ ಕರೆಸಲಿ.