ಹೆಬ್ಬಾಳದ ಬಿಸಿಲಿನಲ್ಲಿ ಸೈಬೀರಿಯಾದ ನಾಯಿ

ಯಲಹಂಕ, ಸಹಕಾರನಗರ, ಹೆಬ್ಬಾಳದ ಅಪಾರ್ಟ್‌ಮೆಂಟುಗಳ ಸುತ್ತ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಎಷ್ಟು ಬಗೆಯ ನಾಯಿಗಳು! ಸೈಬೀರಿಯಾದ ಹಸ್ಕಿ, ಕೆನಡಾದ ಕರಾವಳಿ ಮೂಲದ ಲ್ಯಾಬ್ರಡಾರ್, ಜರ್ಮನಿಯ ಡ್ಯಾಶ್‌ಹಂಡ್, ಟಿಬೆಟ್–ಚೀನಾ ಕಡೆಯ ಶಿಹ್ ತ್ಸು ಒಂದೇ ಫುಟ್‌ಪಾತಿನಲ್ಲಿ ಎದುರಾಗುತ್ತವೆ. ಬೇಕರಿ ಮುಂದೆ ಮಲಗಿದ್ದ ಬೀದಿ ನಾಯಿ ತಲೆ ಎತ್ತಿ ನೋಡುತ್ತದೆ. ಇವೆಲ್ಲವೂ ಒಂದೇ ಪ್ರಭೇದ. 2 ಕಿಲೊ ತೂಗುವ ಚಿವಾವಾ, 70 ಕಿಲೊ ದಾಟುವ ಸೇಂಟ್ ಬರ್ನಾರ್ಡ್ ಕೂಡ ಇದೇ ಪ್ರಭೇದಕ್ಕೆ ಸೇರಿದವು. ನೆಲದ ಮೇಲೆ ಬಾಳುವ ಇನ್ನಾವ ಸಸ್ತನಿಯ ಒಂದೇ ಪ್ರಭೇದದೊಳಗೂ ಗಾತ್ರದಲ್ಲಿ ಇಷ್ಟು ಅಂತರವಿಲ್ಲ.

ನಾಯಿಗಳ ಮೂಲ ಬೂದು ತೋಳ. ಕನಿಷ್ಠ 15,000 ವರ್ಷಗಳ ಹಿಂದೆಯೇ ತೋಳಗಳ ಒಂದು ಕವಲು ಮನುಷ್ಯರ ಜೊತೆ ಬಾಳತೊಡಗಿತ್ತು. ಜರ್ಮನಿಯ ಬಾನ್ ನಗರದ ಬಳಿ ಸುಮಾರು 14,000 ವರ್ಷ ಹಳೆಯ ಗೋರಿಯಲ್ಲಿ ಇಬ್ಬರು ಮನುಷ್ಯರ ಜೊತೆ ಮಣ್ಣು ಮಾಡಿದ ನಾಯಿಯ ಎಲುಬುಗಳು ಸಿಕ್ಕಿವೆ. ಆಮೇಲಿನ ಸಾವಿರಾರು ವರ್ಷ ಜನ ನಾಯಿಯನ್ನು ಆರಿಸಿಕೊಂಡದ್ದು ಕೆಲಸ ನೋಡಿ: ಬೇಟೆಗೊಂದು, ಕುರಿ ಕಾಯಲೊಂದು, ಮನೆ ಕಾಯಲೊಂದು.

ನಮ್ಮ ನಾಡಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೇನೆ ಚೋಳರನ್ನು ಸೋಲಿಸಿತು. ಕೃಷ್ಣನ ಪರ ಹೋರಾಡಿದ ಗಂಗರ ಬೂತುಗನ ಕಡೆಯ ವೀರ ಮಣಲೇರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಊರನ್ನೋ ಹೊನ್ನನ್ನೋ ಬೇಡದೆ ಅರಸನ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಕಲ್ಲು ಅದು.

ಇಂದು ನಾವು ತಳಿ ಎನ್ನುತ್ತಿರುವುದು ಇದಕ್ಕಿಂತ ತೀರ ಈಚಿನದು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲ ಶ್ವಾನ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಕಿವಿ ಹೀಗಿರಬೇಕು, ಬಾಲ ಇಷ್ಟು ಸುತ್ತಬೇಕು ಎಂದು ನಿಯಮ ಬರೆದು, ದಾಖಲೆಯಲ್ಲಿರುವ ನಾಯಿಗಳನ್ನಷ್ಟೇ ಕೂಡಿಸಬೇಕೆಂದು ಕಟ್ಟು ಮಾಡಿದರು. ಅಲ್ಲಿಂದಾಚೆಗೆ ಕೆಲಸಕ್ಕಿಂತ ರೂಪ ಮುಖ್ಯವಾಯಿತು.

ಆ ರೂಪವನ್ನು ಬದಲಿಸಲು ಹೆಚ್ಚು ಜೀನುಗಳೇನೂ ಬೇಕಾಗಿಲ್ಲ. ಮನುಷ್ಯರ ಎತ್ತರಕ್ಕೆ ಸಾವಿರಾರು ಜೀನು ರೂಪಾಂತರಗಳು ಚೂರುಚೂರೇ ಸೇರಬೇಕು. ನಾಯಿಗಳಲ್ಲಿ ಐಜಿಎಫ್1 ಎಂಬ ಒಂದೇ ಜೀನು ಗಾತ್ರದ ವ್ಯತ್ಯಾಸದ ದೊಡ್ಡ ಪಾಲನ್ನು ನಿರ್ಧರಿಸುತ್ತದೆಂದು 2007ರಲ್ಲಿ ಗೊತ್ತಾಯಿತು. ಸಣ್ಣ ಗಾತ್ರಕ್ಕೆ ಕಾರಣವಾಗುವ ಅದರ ರೂಪ 50,000 ವರ್ಷಕ್ಕೂ ಹಳೆಯ ತೋಳದಲ್ಲೇ ಇತ್ತೆಂದು 2022ರಲ್ಲಿ ತಿಳಿಯಿತು. ಅಂದರೆ ಚಿವಾವಾ ಆಗುವ ಸಾಧ್ಯತೆ, ನಾಯಿ ಎಂಬುದು ಹುಟ್ಟುವ ಮೊದಲೇ ತೋಳದ ರಕ್ತದಲ್ಲಿತ್ತು. ಡ್ಯಾಶ್‌ಹಂಡ್‌ನ ಗಿಡ್ಡ ಕಾಲಿನ ಹಿಂದಿರುವುದು ಎಫ್‌ಜಿಎಫ್4 ಜೀನಿನ ಹೆಚ್ಚುವರಿ ಪ್ರತಿ. ಬಿಲದೊಳಗೆ ನುಗ್ಗಿ ಬ್ಯಾಜರ್ ಹಿಡಿಯುವ ನಾಯಿಗೆ ಅದು ವರವೇ. ಆದರೆ ಅದೇ ಜೀನಿನ ಇನ್ನೊಂದು ಹೆಚ್ಚುವರಿ ಪ್ರತಿ ಬೆನ್ನುಮೂಳೆಯ ನಡುವಿನ ಡಿಸ್ಕನ್ನು ಬೇಗ ಗಟ್ಟಿಯಾಗಿಸುತ್ತದೆ. ಆದ್ದರಿಂದ ಈ ನಾಯಿಯನ್ನು ಮೆಟ್ಟಿಲು ಹತ್ತಿಳಿಸುವಾಗ, ಸೋಫಾದಿಂದ ಜಿಗಿಯಲು ಬಿಡುವಾಗ ಎಚ್ಚರ ಬೇಕು.

ಲ್ಯಾಬ್ರಡಾರ್‌ನದು ಇನ್ನೊಂದು ಕಥೆ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ತಣ್ಣೀರಿಗೆ ಧುಮುಕಿ ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳಿಂದ ಬಂದ ತಳಿ ಇದು. ಇವುಗಳಲ್ಲಿ ಸುಮಾರು ಕಾಲು ಭಾಗದಷ್ಟು ನಾಯಿಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಂಡು ಕಳಚಿ ಹೋಗಿದೆಯೆಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗಳಿಗೆ ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ ಹಸಿವು ಹೆಚ್ಚು. ಊಟದ ಮೇಜಿನ ಬಳಿ ಕೂತು ದೈನ್ಯದಿಂದ ನೋಡುವ ಲ್ಯಾಬ್ರಡಾರ್‌ಗೆ ನಿಜವಾಗಿಯೂ ಹಸಿವಾಗಿರಬಹುದು. ಹಾಗಿದ್ದರೂ ಅಳೆದೇ ಹಾಕಬೇಕು. ತೂಕ ಏರಿದರೆ ಕೀಲುಗಳು ಸೋಲುತ್ತವೆ.

ನನಗೆ ಹೆಚ್ಚು ಸಂಕಟವಾಗುವುದು ಪಗ್ ಮತ್ತು ಹಸ್ಕಿಗಳನ್ನು ನೋಡಿದಾಗ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗಲು ಬರುವುದಿಲ್ಲ. ಮೂಗಿನ ಒಳಗಿನ ತೇವದ ಪದರ, ನಾಲಿಗೆ, ಬಾಯಿಯಿಂದ ನೀರು ಆವಿಯಾಗಬೇಕು, ಅದಕ್ಕೇ ಏದುಸಿರು. ಪಗ್‌ನ ಮುಖವನ್ನು ಚಪ್ಪಟೆ ಮಾಡಿದಾಗ ಮೂಗಿನ ಮೂಳೆ ಕುಗ್ಗಿತೇ ಹೊರತು ಒಳಗಿನ ಮೆದು ಅಂಗಾಂಶ ಆ ಪ್ರಮಾಣದಲ್ಲಿ ಕುಗ್ಗಲಿಲ್ಲ. ಉಸಿರಿನ ದಾರಿ ಇಕ್ಕಟ್ಟಾಯಿತು. ಅದರ ಗೊರಕೆಯನ್ನು ಮುದ್ದು ಎನ್ನುತ್ತೇವೆ; ಅದು ಗಾಳಿಗಾಗಿ ಪಡುವ ಪಾಡು. 2003ರ ಹಚ್ ಮೊಬೈಲ್ ಜಾಹೀರಾತಿನ ಬಳಿಕ ಈ ತಳಿಯ ಬೇಡಿಕೆ ದೇಶದಾದ್ಯಂತ ಏರಿತು. ಸೈಬೀರಿಯಾದ ಚುಕ್ಚಿ ಜನರು ಹಿಮದಲ್ಲಿ ಗಾಡಿ ಎಳೆಸಲು ಬೆಳೆಸಿದ ಹಸ್ಕಿಗೆ ಎರಡು ಪದರದ ಕೂದಲು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತ್ತು; ಆ ವಾರಗಳಲ್ಲಿ ಫ್ಲಾಟಿನೊಳಗಿನ ಹಸ್ಕಿಗೆ ಏನಾಗಿರಬೇಕು ಎಂದು ಯೋಚಿಸಿ. ಮಾರುವುದಕ್ಕಾಗಿ ನಾಯಿಗಳನ್ನು ಆಮದು ಮಾಡಿಕೊಳ್ಳುವುದನ್ನು ಕೇಂದ್ರ ಸರ್ಕಾರ 2016ರಲ್ಲೇ ನಿಲ್ಲಿಸಿತು. ಆದರೂ ಇಲ್ಲೇ ಹುಟ್ಟಿಸಿದ ಮರಿಗಳ ವ್ಯಾಪಾರ ನಡೆದೇ ಇದೆ.

ಮುಧೋಳ ನಾಯಿಯ ಮೈ ನೋಡಿದರೆ ಅದು ಯಾವ ನೆಲದ್ದೆಂದು ಗೊತ್ತಾಗುತ್ತದೆ. ಬಾಗಲಕೋಟೆಯ ಬಯಲಿನಲ್ಲಿ ಮೊಲ ದೂರದಿಂದಲೇ ಕಾಣುತ್ತದೆ. ಹಿಡಿಯಬೇಕಾದರೆ ವೇಗ ಬೇಕು. ಅದಕ್ಕೆ ತಕ್ಕ ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ತೆಳು ಚರ್ಮ, ಗಿಡ್ಡ ಕೂದಲು, ಓಡುವಾಗ ಬಿಲ್ಲಿನಂತೆ ಬಾಗಿ ಚಿಮ್ಮುವ ಬೆನ್ನು. ಇದು ಮೂಸಿ ಹುಡುಕುವುದಕ್ಕಿಂತ ಕಣ್ಣಲ್ಲಿ ನೋಡಿ ಅಟ್ಟುವ ನಾಯಿ. ಉದ್ದ ತಲೆಬುರುಡೆಯ ನಾಯಿಗಳ ಅಕ್ಷಿಪಟಲದಲ್ಲಿ ನೋಟದ ನರಕೋಶಗಳು ಅಡ್ಡಪಟ್ಟಿಯಾಗಿ ಹರಡಿರುತ್ತವೆ, ಮೊಂಡು ಮೂಗಿನವುಗಳಲ್ಲಿ ನಡುವೆ ಗುಂಪುಗೂಡಿರುತ್ತವೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2004ರಲ್ಲಿ ಕಂಡುಕೊಂಡರು. ದಿಗಂತದುದ್ದಕ್ಕೂ ಚಲನೆ ಹಿಡಿಯಲು ಮೊದಲನೆಯದೇ ಸರಿ. ಮುಧೋಳದ ಘೋರ್ಪಡೆ ಅರಸು ಮಾಲೋಜಿರಾವ್ ಈ ತಳಿಯನ್ನು ಪೋಷಿಸಿದರು. ಈಗ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ನಾಯಿಯ ಮರಿಗಳನ್ನು 2016ರಲ್ಲಿ ಸೇನೆ ಮೀರತ್‌ನ ತರಬೇತಿ ಕೇಂದ್ರಕ್ಕೆ ಒಯ್ದಿತು. ಹೆಮ್ಮೆಯ ವಿಷಯ. ಆದರೆ ನಮ್ಮದೆಂಬ ಅಭಿಮಾನಕ್ಕೆ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕಟ್ಟಿಹಾಕಬೇಡಿ. ಅದಕ್ಕೆ ಓಡಲು ಬಯಲು ಬೇಕು.

ಮೈಯ ಮಾತಾಯಿತು, ಸ್ವಭಾವ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ನಿಷೇಧದ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ವಿಜ್ಞಾನ ಏನು ಹೇಳುತ್ತದೆ ನೋಡೋಣ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ತಳಿ ಕಾರಣವಾಗುವುದು ಸುಮಾರು ಶೇ. 9ರಷ್ಟು ಮಾತ್ರ. ಉಳಿದದ್ದು ಆ ನಾಯಿಯ ಸ್ವಂತ ಹುಟ್ಟುಗುಣ, ಮರಿಯಾಗಿದ್ದಾಗ ಕಂಡ ಜನ, ಸಿಕ್ಕ ತರಬೇತಿ, ತಿಂದ ಏಟು. ಹಾಗೆಂದು ಬಲವಾದ ದವಡೆಯ ನಾಯಿ ಕಚ್ಚಿದರೆ ಆಗುವ ಗಾಯ ಸಣ್ಣದಲ್ಲ. ಅಂಥ ನಾಯಿ ಸಾಕುವವರ ಹೊಣೆ ಹೆಚ್ಚೇ.

ಕೊನೆಗೆ ಬೇಕರಿ ಮುಂದಿನ ಕಂತ್ರಿ ನಾಯಿಯ ಮಾತು. 2023ರ ಗಣತಿಯಂತೆ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಇವನ್ನು ಜಾತಿ ನಾಯಿಗಳ ಕಲಬೆರಕೆ ಎಂದು ಬಹಳ ಜನ ತಿಳಿದಿದ್ದಾರೆ. ಊರಿನಲ್ಲಿ ಅಲ್ಲಲ್ಲಿ ಬೆರಕೆಯಾಗಿರುವುದು ನಿಜ. ಆದರೆ ಭಾರತದ ಹಳ್ಳಿ ನಾಯಿಗಳ ಡಿಎನ್‌ಎ, ಯುರೋಪಿನ ತಳಿಗಳು ರೂಪುಗೊಳ್ಳುವುದಕ್ಕೆ ಬಹಳ ಮೊದಲಿನಿಂದಲೂ ತನ್ನಷ್ಟಕ್ಕೆ ಬೆಳೆದುಬಂದ ಸಂತತಿಯದು. ಯಾರೂ ಆರಿಸದೆ, ಇಲ್ಲಿನ ಬಿಸಿಲು, ರೋಗ, ಹಸಿವೆಗಳೇ ಆರಿಸಿದ ಮೈ: ನಡುಗಾತ್ರ, ಗಿಡ್ಡ ಕೂದಲು, ಸಾಕಷ್ಟು ಉದ್ದದ ಮೂಗು. ಆಹಾರದಲ್ಲೂ ಹಾಗೆಯೇ. ಪಿಷ್ಟ ಜೀರ್ಣಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇರುತ್ತವೆ ಎಂದು 2013ರಲ್ಲಿ ತಿಳಿದುಬಂತು. ಬೇಸಾಯದ ನೆಲದ ನಾಯಿಗಳಲ್ಲಿ ಹೆಚ್ಚು. ಮೀನು, ಸೀಲ್ ಮಾಂಸ ತಿಂದು ಬೆಳೆದ ಹಸ್ಕಿಯಲ್ಲಿ ತೀರ ಕಡಿಮೆ. ಹಾಗಾಗಿ ಮುದ್ದೆ, ಅನ್ನದಂಥ ಪಿಷ್ಟವೇ ಹೆಚ್ಚಿರುವ ಊಟ ಹಸ್ಕಿಗೆ ಒಗ್ಗುವುದು ಕಷ್ಟ. ಬೀದಿಯಿಂದ ತಂದ ಮರಿಯಾದರೋ ಅದೇ ಊಟದ ಜೊತೆ ಮೊಟ್ಟೆ, ಮಾಂಸ ಸಿಕ್ಕರೆ ದಷ್ಟಪುಷ್ಟವಾಗಿ ಬೆಳೆಯುತ್ತದೆ. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ. ಇವೆರಡಕ್ಕೂ ಪಶುವೈದ್ಯರ ಬಳಿ ತಪ್ಪದೆ ಹೋಗಬೇಕು.